ಗುಡ್ಡಪ್ಪ ಡಾಕ್ಟರು ಕೇಳುತ್ತಿದ್ದ ನೀರು

ನನ್ನ ಗೆಳೆಯ ಗುಡ್ಡಪ್ಪ ಯಾರ ಮನೆಗೆ ಹೋದರೂ ಮೊದಲು ನೀರು ಕೇಳುತ್ತಿದ್ದ. ಅವನು ಡಾಕ್ಟರು. ರೋಗಿಯ ಪ್ರಾಣಕ್ಕೆ ಅಪಾಯವಿಲ್ಲವೆಂದು ಒಂದು ನೋಟದಲ್ಲಿ ಖಾತ್ರಿಯಾದರೆ ಸಾಕು, ಚೀಲವನ್ನು ಬದಿಗಿಟ್ಟು, ಹಾಸಿದ ಕಂಬಳಿಯ ಮೇಲೆ ಕುಳಿತು, "ಒಂದ ತಂಬಗಿ ನೀರು ಕೊಡ್ರಿ" ಎನ್ನುತ್ತಿದ್ದ. ನಮ್ಮ ಕಡೆ ಮನೆಗೆ ಬಂದವರಿಗೆ ಅವರು ಕೇಳದಿದ್ದರೂ ನೀರು ಬೆಲ್ಲ ಕೊಡುವುದು ರೂಢಿ. ಆದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ನೀವು ಹೇಳಬಹುದು. ವಿಶೇಷ ಇರುವುದು ಮುಂದೆ. ಮನೆಯ ಗಂಡಸು ನೀರು ತರಲು ಎದ್ದರೆ ಗುಡ್ಡಪ್ಪ ಅವನ ತೋಳು ಹಿಡಿದು ಕೂರಿಸುತ್ತಿದ್ದ. "ನೀ ಕುಂದರು. ಒಳಗಿನವರು ತರ್ಲಿ." ಒಳಗಿನವರು ತಂದ ಮೇಲೆ ಕುಡಿಯುತ್ತಿದ್ದದ್ದು ಎರಡೇ ಗುಟುಕು. ಉಳಿದ ನೀರು ತಂಬಿಗೆಯಲ್ಲೇ ಇರುತ್ತಿತ್ತು.

ಎರಡು ಗುಟುಕು ನೀರಿಗೆ ಇಷ್ಟು ಹಟ ಏಕೆ? ನಾನು ಗೋಕಾಕದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಾರಣ ತಿಳಿಯದ ಸಂಗತಿ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ, ಸುಟ್ಟ ಎಳೆಜೋಳದ ಸೀತನಿಯ ಸಿಪ್ಪೆ ಇದ್ದ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ನಾವಿಬ್ಬರೂ ತುಕ್ಕಾನಟ್ಟಿಯವರು. ನಮ್ಮದು ಕುರಿ ಸಾಕುವ ಮನೆತನ. ಅವನ ತಾಯಿ ಕೆಂಪವ್ವ ಕಂಡವರ ಹೊಲಗಳಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಅವರ ಕೇರಿ ಊರ ಹೊರಗಿತ್ತು. ನಮ್ಮ ಮನೆಗಳ ನಡುವೆ ಆ ಕಾಲದಲ್ಲಿ ಎಷ್ಟು ಅಂತರವಿತ್ತೆಂಬುದನ್ನು ಈಗಿನ ಮಕ್ಕಳಿಗೆ ವಿವರಿಸುವುದು ಕಷ್ಟ. ವಿವರಿಸದೆ ಬಿಡುವುದು ತಪ್ಪು. ಆದರೆ ಮೂಡಲಗಿಯ ಹೈಸ್ಕೂಲಿಗೆ ಹೋಗುವ ದಾರಿ ಒಂದೇ ಆಗಿತ್ತು. ಆ ದಾರಿಯಲ್ಲಿ ಅವನ ಬುತ್ತಿಯ ಖಾರಬ್ಯಾಳಿ ನನಗೆ, ನನ್ನ ಬುತ್ತಿಯ ಶೇಂಗಾ ಹಿಂಡಿ ಅವನಿಗೆ. ಸ್ನೇಹ ಹಾಗೆ ಬೆಳೆಯಿತು. ಅವನು ಹುಬ್ಬಳ್ಳಿಗೆ ಹೋಗಿ ಡಾಕ್ಟರಿಕೆ ಕಲಿತ. ಹುಕ್ಕೇರಿ ಕಡೆಯ ಹಳ್ಳಿಗಳ ಸರಕಾರಿ ದವಾಖಾನೆಗಳಲ್ಲಿ ಬಹಳ ಕಾಲ ಇದ್ದ. ನಿವೃತ್ತನಾದ ಮೇಲೆ ಮೂಡಲಗಿಯಲ್ಲಿ ಒಂದು ಸಣ್ಣ ದವಾಖಾನೆ ತೆರೆದ. ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಗಿಲಲ್ಲಿ ಹಳೆಯ ಸ್ಕೂಟರು. ಅಷ್ಟೇ ಅಲಂಕಾರ. ನಾನೂ ಮೂಡಲಗಿಯಲ್ಲಿ ಮನೆ ಕಟ್ಟಿಸಿದ್ದರಿಂದ ಅವನು ಸಂಜೆ ಮನೆಗಳಿಗೆ ಹೋಗುವಾಗ ಎಷ್ಟೋ ಸಲ ನಾನು ಹಿಂದೆ ಕುಳಿತಿರುತ್ತಿದ್ದೆ.

ಹಾಗಾಗಿಯೇ ಈ ನೀರಿನ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು.

ದವಾಖಾನೆಯ ಎದುರಿಗೆ ಮುತ್ತಪ್ಪನ ಚಹಾದ ಅಂಗಡಿ. ಮುತ್ತಪ್ಪನಿಗೆ ಜಗತ್ತಿನ ಎಲ್ಲದಕ್ಕೂ ಕಾರಣ ಗೊತ್ತು. ಒಮ್ಮೆ ಬಸಿಯಲ್ಲಿ ಚಹಾ ಆರಿಸುತ್ತ ಕುಳಿತಾಗ ನಾನು ಈ ಮಾತು ತೆಗೆದೆ.

"ಇದರಾಗೇನೈತ್ರಿ ಮಾಸ್ತರ, ತಿಳೀಲಾರದ್ದು?" ಎಂದ ಮುತ್ತಪ್ಪ. "ಡಾಕ್ಟರು ಪರೀಕ್ಷಾ ಮಾಡತಾರ್ರಿ."

"ಯಾರನ್ನ?"

"ನಮ್ಮನ್ನ! ಮನಿಯವರು ಅವರಿಗೆ ಮನಸಪೂರ್ವಕ ನೀರು ಕೊಡತಾರೋ, ಮೂಗ ಮುರದ ಕೊಡತಾರೋ ಅಂತ. ಅವರ ಹಿರ್‍ಯಾರು ನಮ್ಮ ಹಿರ್‍ಯಾರ ಬಾಗಲಾಗ ಏನ ಅನುಭವಿಸ್ಯಾರ, ಅದನ್ನ ಮರೀತಾರೇನ್ರಿ?"

ಮಾತು ನಂಬುವಂತೆಯೇ ಇತ್ತು. ಆದರೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ತನ್ನ ಕೇರಿಯ ಮನೆಗಳಿಗೆ ಹೋದಾಗಲೂ ಗುಡ್ಡಪ್ಪ ನೀರು ಕೇಳುತ್ತಿದ್ದ. ಅಲ್ಲಿ ಪರೀಕ್ಷೆ ಯಾರಿಗೆ? ನೇರವಾಗಿ ಅವನನ್ನೇ ಕೇಳಿದರೆ, "ನೀರಡಿಕಿ ಆಗತೈತೋ ಮಾರಾಯ, ಡಾಕ್ಟರ ಆದ್ರ ನೀರಡಿಕಿ ಆಗಬಾರದೇನು?" ಎಂದು ನಕ್ಕುಬಿಡುತ್ತಿದ್ದ. ನಾನು ಒಂದು ಪ್ರಯೋಗವನ್ನೇ ಮಾಡಿದೆ. ಒಂದು ದಿನ ಹೊರಡುವ ಮೊದಲು ನನ್ನ ಹೆಂಡತಿ ಅನ್ನಪೂರ್ಣಾಳ ಕೈಯಿಂದ ಅವನಿಗೆ ಚರಿಗೆ ತುಂಬ ಮಜ್ಜಿಗೆ ಕುಡಿಸಿದೆ. ಸಾಕು ಸಾಕು ಎಂದು ಹೊಟ್ಟೆ ಸವರಿಕೊಂಡ. ಎರಡು ಓಣಿ ದಾಟಿ ಮೊದಲನೆಯ ಮನೆಯ ಕಂಬಳಿಯ ಮೇಲೆ ಕೂತವನೇ, "ಒಂದ ತಂಬಗಿ ನೀರು ಕೊಡ್ರಿ."

ನೀರಡಿಕೆ ಅಲ್ಲವೆಂಬುದು ಸಾಬೀತಾಯಿತು. ಆಮೇಲೆ ನಾನು ತಂಬಿಗೆಯನ್ನು ನೋಡುವುದನ್ನು ಬಿಟ್ಟು ಗುಡ್ಡಪ್ಪನನ್ನು ನೋಡತೊಡಗಿದೆ. ಅವನು ತಂಬಿಗೆಯ ಕಡೆ ನೋಡುತ್ತಲೇ ಇರಲಿಲ್ಲ, ಒಳಬಾಗಿಲನ್ನು ನೋಡುತ್ತಿದ್ದ.

ಕಾರಣ ತಿಳಿದದ್ದು ತುಕ್ಕಾನಟ್ಟಿಯಲ್ಲಿ, ನಮ್ಮ ಚಿಗವ್ವನ ಮನೆಯಲ್ಲಿ. ಶೆಟ್ಟೆವ್ವ ನನ್ನ ತಾಯಿಯ ಕೊನೆಯ ತಂಗಿ; ನನಗಿಂತ ಸ್ವಲ್ಪ ದೊಡ್ಡವಳು ಅಷ್ಟೇ. ಅವಳಿಗೆ ಮೊಣಕಾಲು ನೋವು. ಮಗ ಶಿದ್ರಾಮ ಫೋನು ಮಾಡಿ, "ಅಣ್ಣಾ, ಅವ್ವಗ ಏಳಾಕ ಕುಂದ್ರಾಕ ಬಾಳ ತ್ರಾಸ ಆಗೇತಿ, ಡಾಕ್ಟರನ್ನ ಕರಕೊಂಡ ಬಾ" ಎಂದ. ಏಳೆಂಟು ವರ್ಷದ ಹಿಂದಿನ ಮಾತು. ಕಬ್ಬು ಕಡಿಯುವ ಕಾಲ. ದಾರಿಯ ತುಂಬ ಟ್ರ್ಯಾಕ್ಟರು. ನಾವು ಸೈಡು ಸಿಕ್ಕಾಗ ನುಗ್ಗುತ್ತ, ಸಿಗದಾಗ ಮುಂದಿನ ಟ್ರೇಲರಿನ ಕಬ್ಬಿನ ಸೋಗೆಯಿಂದ ಮುಖ ಒರೆಸಿಕೊಳ್ಳುತ್ತ ಹೋದೆವು.

ಚಿಗವ್ವನ ಮನೆ ಹಳೆಯದು. ಕೆಳಗೆ ಕುರಿಮರಿ, ಎಮ್ಮೆ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರಾಚೆ ನಡುಮನೆ, ಅಡಿಗೆಮನೆ, ಹಿತ್ತಲು. ಗುಡ್ಡಪ್ಪ ಪಡಸಾಲೆಯಲ್ಲಿ ಕುಳಿತು ನೀರು ಕೇಳಿದ. ಶಿದ್ರಾಮನ ಹೆಂಡತಿ ಸುವರ್ಣಾ ತಂದಳು. ಹುಕ್ಕೇರಿ ಕಡೆಯ ಹುಡುಗಿ, ಮದುವೆಯಾಗಿ ಎರಡನೆಯ ವರ್ಷ, ಐದು ತಿಂಗಳ ಬಸುರಿ. ನಡುಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು, ಬಂದು ತಂಬಿಗೆ ಇಟ್ಟಳು. ಹಿರಿಯರೆದುರಿಗೆ ಬರುವಾಗ ಸೊಸೆ ಸೆರಗು ಸರಿಮಾಡಿಕೊಳ್ಳುವುದರಲ್ಲಿ ಯಾರಿಗೂ ಹೊಸದೇನೂ ಕಾಣಲಿಲ್ಲ.

ಗುಡ್ಡಪ್ಪ ಚಿಗವ್ವನ ಮೊಣಕಾಲು ನೋಡಿದ, ಗುಳಿಗೆ ಕೊಟ್ಟ. ಚೀಲ ಕಟ್ಟುತ್ತ, "ಸೊಸೀನ್ನೂ ಒಮ್ಮಿ ನೋಡತೇನ್ಯವ್ವಾ" ಎಂದ.

"ಅಕಿಗೇನಾಗೇತ್ರಿ?" ಎಂದಳು ಚಿಗವ್ವ. "ಬಸರಿ ಹೆಂಗಸು ಚಂದಂಗೆ ಅದಾಳ. ಬರೂ ವಾರ ಕುಬಸ ಐತಿ, ಉಡಿ ತುಂಬೂದೈತಿ. ಈ ಹೊತ್ತಿನ್ಯಾಗ ಎದಿ ನೋಡೂದು, ಹೊಟ್ಟಿ ನೋಡೂದು ಅಂತ ದೃಷ್ಟಿ ಹಚ್ಚಬ್ಯಾಡ್ರಿ."

ಸುವರ್ಣಾ ಬಾಗಿಲ ಮರೆಯಿಂದ, "ನನಗೇನೂ ಆಗಿಲ್ರಿ" ಎಂದಳು. ಅಷ್ಟರಲ್ಲಿ ಗುಡ್ಡಪ್ಪನಿಗೆ ಫೋನು ಬಂತು. ಕಬ್ಬಿನ ಟ್ರೇಲರಿನಿಂದ ಬಿದ್ದವನೊಬ್ಬನನ್ನು ದವಾಖಾನೆಗೆ ತಂದಿದ್ದರು. ಹೊರಡಲೇಬೇಕಾಯಿತು.

ಕಾಲುವೆಯ ಸೇತುವೆ ದಾಟಿದೆವು. ಆಮೇಲೆ ಅವನು ಸ್ಕೂಟರಿನ ಸಪ್ಪಳದ ಮೇಲೆ ಕೂಗಿ ಕೇಳಿದ: "ಲಕ್ಷ್ಮಣಾ, ಆ ಹುಡಗಿ ಹೊಸ್ತಿಲದಾಗ ಯಾಕ ನಿಂತಳು?"

"ಸೆರಗು ಸರಿ ಮಾಡಕೊಳ್ಳಾಕ."

"ಸೆರಗು ಮೊದಲ ಸರಿ ಇತ್ತು. ದಮ್ಮ ತಗೊಳ್ಳಾಕ ನಿಂತಳು. ಅಡಗಿಮನಿಯಿಂದ ಪಡಸಾಲಿಗೆ ಬರೂದರಾಗ ಆ ವಯಸ್ಸಿನಾಕಿಗೆ ದಮ್ಮ ಹತ್ತಬಾರದು. ಬರೇ ಬಸರಿದ್ದದ್ದಕ್ಕ ಅಂತ ನನಗ ಅನಸೂದಿಲ್ಲ. ಅಕಿ ಎದಿ ಕೇಳಬೇಕು. ಎದಿಯೊಳಗಿನ ದೋಷ ಇದ್ದರ, ತಿಂಗಳು ತುಂಬಿದಂಗ ತಾಯೀನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ, ಆ ಧೂಳಿನ ರಸ್ತೆಯಲ್ಲಿ ಸಿಕ್ಕಿತು. ಮಂಚದ ಮೇಲೆ ಮಲಗಿದವನನ್ನು ಎಲ್ಲರೂ ನೋಡುತ್ತಾರೆ. ಗುಡ್ಡಪ್ಪ ನೋಡುತ್ತಿದ್ದದ್ದು ನೀರು ತರುವವರನ್ನು. ಯಾರ ನಡಿಗೆ ಎಳೆಯುತ್ತದೆ, ಯಾರ ಉಗುರು ಬಿಳಿಚಿದೆ, ಯಾರು ಬಾಗಿದರೆ ಗೋಡೆ ಹಿಡಿಯುತ್ತಾರೆ! ಹಿಂದೊಮ್ಮೆ ಅವನೇ ಹೇಳಿದ್ದ ಸಂಗತಿಯೊಂದು ನನಗೆ ತಟ್ಟನೆ ನೆನಪಾಯಿತು. ಹುಕ್ಕೇರಿಯಲ್ಲಿ ಎತ್ತು ಹಾಯ್ದು ತೊಡೆಗೆ ಗಾಯವಾದ ಒಬ್ಬ ರೈತ ಇವನ ಮೇಲೆ ರೇಗಿದ್ದ: "ಎತ್ತು ಹಾಯ್ದದ್ದು ನನಗ್ರಿ ಸಾಹೇಬ್ರ, ಗುಳಗಿ ನನ್ನ ಹೆಂಡತಿಗ್ಯಾಕ?" ಆಗ ನಾನು ನಕ್ಕಿದ್ದೆ. ಅರ್ಥವಾಗಿರಲಿಲ್ಲ.

ಗುಡ್ಡಪ್ಪ ಶಿದ್ರಾಮನಿಗೆ ಫೋನು ಮಾಡಿ ಹೆಂಡತಿಯನ್ನು ಕರೆತರಲು ಹೇಳಿದ. ಶಿದ್ರಾಮ ಹೂಂ ಎಂದ, ಬರಲಿಲ್ಲ. ಮತ್ತೆ ನಾನು ಫೋನು ಮಾಡಿದೆ. "ಕುಬಸ ಮುಗೀಲಿ ಅಣ್ಣಾ, ಅವ್ವ ಒಲ್ಲೆ ಅಂತಾಳ" ಎಂದ.

"ಖಂಡಿತ ಹೇಳಿಬಿಡು ಮತ್ತ, ಎದಿ ಕೆಟ್ಟೈತಿ ಅಂತ" ಎಂದೆ ನಾನು ಗುಡ್ಡಪ್ಪನಿಗೆ.

"ಎದಿ ಕೇಳದ ಹೆಂಗ ಹೇಳಲಿ? ಮತ್ತ ಅಂಜಿಸಿದರ ತವರಮನಿಗೆ ಕಳಿಸಿ ಬಿಡತಾರ. ಅಲ್ಲಿ ನೀರು ಕೇಳೋರು ಯಾರದಾರ? ಮನಿಯವರು ತಮ್ಮ ಕಣ್ಣೀಲೆ ತಾವ ನೋಡಬೇಕು, ಲಕ್ಷ್ಮಣಾ. ನಾ ಹೇಳಿದ್ದು ನಾಳೆ ಮರೀತಾರ. ತಾವು ಕಂಡದ್ದು ಮರಿಯೂದಿಲ್ಲ."

ಚಿಗವ್ವನ ಮೊಣಕಾಲಿನ ನೆಪ ಇದ್ದೇ ಇತ್ತು. ನಾಲ್ಕಾರು ದಿನ ಬಿಟ್ಟು ಮತ್ತೆ ಹೋದೆವು.

ಈ ನಡುವೆ ಒಂದು ಸಂಗತಿ ನಡೆದಿತ್ತು, ನಮಗೆ ತಿಳಿದಿರಲಿಲ್ಲ. ಗುಳಿಗೆಯಿಂದ ನೋವು ತುಸು ಇಳಿದ ಮೇಲೆ ಚಿಗವ್ವ ಕುಬುಸದ ಸಂತೆಗೆಂದು ಶಿದ್ರಾಮನ ಗಾಡಿಯಲ್ಲಿ ಮೂಡಲಗಿಗೆ ಬಂದವಳು ಮುತ್ತಪ್ಪನ ಅಂಗಡಿಯಲ್ಲಿ ಚಹಾ ಕುಡಿದಿದ್ದಳು. ಮುತ್ತಪ್ಪ ತನ್ನ ಪರೀಕ್ಷೆಯ ಸಿದ್ಧಾಂತವನ್ನು ಅವಳಿಗೂ ಹೇಳಿದ್ದ.

ಅವತ್ತು ಗುಡ್ಡಪ್ಪ ಪಡಸಾಲೆಯಲ್ಲಿ ಕುಳಿತು, "ಒಂದ ತಂಬಗಿ ನೀರು ಕೊಡ್ರಿ" ಎಂದ. ಒಳಗೆ ಬಳೆಯ ಸಪ್ಪಳವಾಯಿತು. ಚಿಗವ್ವ ಗದರಿದಳು: "ಸುವರ್ಣಾ, ನೀ ಅಲ್ಲೇ ಇರು!" ಗೋಡೆಗೆ ಕೈಯೂರಿ ತಾನೇ ಎದ್ದಳು. ಮೊಣಕಾಲು ಕಟಕಟ ಎಂದದ್ದು ನನಗೆ ಕೇಳಿಸಿತು.

"ಯವ್ವಾ, ನೀ ಯಾಕ ಏಳತಿ? ನಿನ್ನ ಕಾಲ ನೋಡಾಕಂತನ ನಾ ಬಂದೇನಿ" ಎಂದ ಗುಡ್ಡಪ್ಪ.

"ಕುಂದರ್ರಿ ಡಾಕ್ಟರ. ನಾನ ತರಬೇಕು."

ಕುಂಟುತ್ತ ಒಳಗೆ ಹೋಗಿ, ಬೆಳಗಿದ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದಳು. ಕೆಳಗೆ ಇಡಲಿಲ್ಲ. ಅವನ ಎರಡೂ ಕೈ ಮುಂದೆ ಮಾಡಿಸಿ, ತಂಬಿಗೆಯನ್ನು ಅವುಗಳ ನಡುವೆ ಇಟ್ಟು, ಬೆರಳುಗಳನ್ನು ಒತ್ತಿ ಹಿಡಿಸಿದಳು.

"ನಿಮ್ಮವ್ವ ಕೆಂಪವ್ವ ನಮ್ಮ ಹೊಲಕ್ಕ ಕಳೇ ತಗ್ಯಾಕ ಬರತಿದ್ಲು" ಎಂದಳು. "ನಾ ಹೊಸದಾಗಿ ಈ ಮನಿಗೆ ಬಂದಾಕಿ. ಅಕಿ ನೀರು ಕೇಳಿದರ ಬೊಗಸಿ ಒಡ್ಡಂತಿದ್ದೆ. ಮ್ಯಾಲಿಂದ ಸುರೀತಿದ್ದೆ, ತಂಬಗಿ ಅಕೀ ಕೈಗೆ ಹತ್ತೀತು ಅಂತ. ಅಕಿ ಕುಪ್ಪಸ ಎಲ್ಲಾ ತೊಯ್ತಿತ್ತು. ಒಂದಿನಾನೂ ಏನೂ ಅಂದಾಕಿ ಅಲ್ಲ. ನೀವು ಮನಿ ಮನಿಗೆ ನೀರು ಯಾಕ ಕೇಳತೀರಿ ಅಂತ ನನಗ ಈಗ ತಿಳೀತು. ಸೊಸೀ ಕೈಲೆ ಕೊಡಿಸಿ ತಪ್ಪಿಸಿಕೊಳ್ಳೂದು ಸರಿ ಅಲ್ಲ. ಕುಡೀರಿ."

ಗುಡ್ಡಪ್ಪ ತಂಬಿಗೆಯನ್ನು ಹಿಡಿದುಕೊಂಡೇ ಕುಳಿತಿದ್ದ. ಅವನ ಇಕ್ಕಟ್ಟು ನನಗೊಬ್ಬನಿಗೇ ಗೊತ್ತಿತ್ತು. ಅವನಿಗೆ ಬೇಕಾದವಳು ಒಳಗೆ ಕುಳಿತಿದ್ದಳು. ಅವಳನ್ನು ತಡೆದು ಈ ಮುದುಕಿ ತನ್ನ ಜೀವಮಾನದ ಭಾರವನ್ನು ಅವನ ಕೈಗಿಟ್ಟಿದ್ದಳು. ನಿನ್ನ ಕೈಯ ನೀರಲ್ಲ, ಸೊಸೆಯ ಕೈಯದು ಬೇಕು ಎಂದು ಯಾವ ಬಾಯಿಂದ ಹೇಳುವುದು?

ಅವನು ತಂಬಿಗೆ ಎತ್ತಿದ. ಎರಡು ಗುಟುಕಿಗೆ ನಿಲ್ಲಿಸಲಿಲ್ಲ. ಗಟಗಟ ಪೂರ್ತಿ ಕುಡಿದು, ಖಾಲಿ ತಂಬಿಗೆಯನ್ನು ಬೋರಲಾಗಿ ಡಬ್ಬು ಹಾಕಿದ. ಅವನು ಹೀಗೆ ಕುಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮೀಸೆ ಒರೆಸಿಕೊಂಡು ಹೇಳಿದ: "ಯವ್ವಾ, ನೀರು ಸಿಹಿ ಐತಿ. ಹಿತ್ತಲದಾಗ ಬೋರ ಹಾಕಿಸೀರಲ್ಲ, ಆ ನೀರು ಹೆಂಗೈತಿ ನೋಡೂಣು. ನೀನೂ ಒಂದ ತಂಬಗಿ ತಾ, ಸೊಸೀನೂ ಒಂದ ತರ್ಲಿ. ಇಬ್ಬರೂ ಕೂಡೇ ಹೋಗ್ರಿ, ಕೂಡೇ ಬರ್ರಿ. ಅವಸರ ಏನಿಲ್ಲ, ಸಾವಕಾಶ."

"ಮೊಣಕಾಲ ಮುದಕೀನ್ನ ಎಷ್ಟ ಓಡಾಡಸ್ತಾನ ನೋಡ ಇವಾ!" ಎಂದು ಚಿಗವ್ವ ನಕ್ಕಳು. 'ಡಾಕ್ಟರ' ಹೋಗಿ 'ಇವಾ' ಬಂದಿತ್ತು. ಅವಳ ಮನಸ್ಸು ಹಗುರಾಗಿತ್ತು.

ಅತ್ತೆ ಸೊಸೆ ಹಿತ್ತಲಿಗೆ ಹೋದರು. ಸುವರ್ಣಾ ದಿನವೂ ಕೊಡ ಹೊತ್ತು ಬರುವ ದಾರಿ ಅದು. ನಾವು ಒಳಬಾಗಿಲನ್ನೇ ನೋಡುತ್ತ ಕುಳಿತೆವು. ಮೊದಲು ಬಂದವಳು ಚಿಗವ್ವ. ಕುಂಟುತ್ತ, ಅರ್ಧ ನೀರು ಚೆಲ್ಲುತ್ತ, ಆದರೆ ಬಾಯಿ ತುಂಬ ಮಾತಾಡುತ್ತ. ಸುವರ್ಣಾ ಇನ್ನೂ ನಡುಮನೆಯಲ್ಲಿದ್ದಳು. ಗೋಡೆ ಹಿಡಿದು ಬಂದಳು. ಹೊಸ್ತಿಲಿಗೆ ತಂಬಿಗೆ ಇಟ್ಟು ನಿಂತಳು. ಕೈ ಸೆರಗಿಗೆ ಹೋಯಿತು. ಅವಳ ಉಸಿರಿನ ಸಪ್ಪಳ ಪಡಸಾಲೆಯವರೆಗೆ ಬರುತ್ತಿತ್ತು.

ಚಿಗವ್ವ ತಿರುಗಿದಳು. "ಯಾಕವಾ ನಿಂತಿ?"

"ಸೆರಗು... ಸರಿ ಮಾಡಕೊಳ್ಳಾಕತ್ತೇನ್ರಿ ಅತ್ತಿ."

"ಸೆರಗು ಸರಿನ ಐತಿ."

ಚಿಗವ್ವ ಅವಳ ಹತ್ತಿರ ಹೋಗಿ ಬೆನ್ನಿನ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. "ಮುದಕಿ ನಾನು. ಕಾಲಿಲ್ಲದಾಕಿ ನಾನು. ನನಗ ಹತ್ತಲಾರದ ದಮ್ಮ ನಿನಗ ಹತ್ತೇತಲ್ಲ! ಎಂದಿಂದ ಹಿಂಗಾಗಾಕತ್ತೇತಿ?"

ಸುವರ್ಣಾ ತಲೆ ತಗ್ಗಿಸಿದಳು. "ಬಾಳ ದಿನ ಆತ್ರಿ. ಕೆಲಸಕ್ಕ ಮೈಗಳ್ಳಿ ಅಂದೀರಂತ ಹೇಳಲಿಲ್ರಿ."

ಆಮೇಲೆ ಗುಡ್ಡಪ್ಪ ಏನನ್ನೂ ಹೇಳಬೇಕಾಗಲಿಲ್ಲ. ಚಿಗವ್ವನೇ ಸೊಸೆಯನ್ನು ತಂದು ಅವನೆದುರಿಗೆ ಕೂರಿಸಿದಳು. ಅವನು ಬಹಳ ಹೊತ್ತು ಎದೆಯನ್ನು ಆಲಿಸಿದ. "ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನವಾ?" ಎಂದು ಕೇಳಿದ. ಬಂದಿತ್ತು, ಅದರಿಂದಲೇ ಒಂದು ವರ್ಷ ಸಾಲಿ ಬಿಡಿಸಿದ್ದರಂತೆ. ಆ ಜ್ವರ ಕೀಲುಗಳನ್ನು ಬಿಟ್ಟು ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಕವಾಟ ಕಿರಿದಾಗಿ ರಕ್ತ ಹಾಯಲು ಹೆಣಗುತ್ತಿತ್ತು. ಬಸುರಿನ ಭಾರ ಹೆಚ್ಚಿದಂತೆ ಅದು ತಡೆಯುವ ಹಾಗಿರಲಿಲ್ಲ. ಬೆಳಗಾವಿಯ ದೊಡ್ಡ ದವಾಖಾನೆಗೆ ಈಗಲೇ ಹೋಗಬೇಕು ಎಂದ.

ಶಿದ್ರಾಮ ಕಂಗೆಟ್ಟ. "ನಾಡದಾ ಕುಬಸ ಐತಲ್ರಿ. ಹುಕ್ಕೇರಿ ಬೀಗರಿಗೆಲ್ಲಾ ಹೇಳೇವಿ..."

"ಲೇ ಶಿದ್ರಾಮ, ಗಾಡಿ ತಗೀ" ಎಂದಳು ಚಿಗವ್ವ. "ಉಡಿ ತುಂಬಾಕ ಮೊದಲ ಅಕಿ ಇರಬೇಕಲ್ಲ. ಬೀಗರಿಗೆ ನಾ ಹೇಳತೇನಿ."

ಬೆಳಗಾವಿಯಲ್ಲಿ ಗುಡ್ಡಪ್ಪನ ಜೊತೆ ಓದಿದ ಒಬ್ಬ ವೈದ್ಯನಿದ್ದ. ತೊಡೆಯ ರಕ್ತನಾಳದಿಂದ ಸಣ್ಣ ಬಲೂನು ಹಾಯಿಸಿ ಆ ಕವಾಟವನ್ನು ಅಗಲ ಮಾಡಿದರು. ಬಸುರಿಗೆ ಧಕ್ಕೆಯಾಗಲಿಲ್ಲ. ಅವಳು ತಿರುಗಿ ಬಂದ ಮೇಲೆ ಕುಬುಸವೂ ಆಯಿತು. ಮುತ್ತಪ್ಪ ಉಂಡು ಬಂದು, ತನ್ನಿಂದಲೇ ಒಂದು ಜೀವ ಉಳಿಯಿತೆಂದು ಇವತ್ತಿಗೂ ಹೇಳುತ್ತಾನೆ. ಯೋಚಿಸಿದರೆ ಪೂರ್ತಿ ಸುಳ್ಳಲ್ಲ.

ಸುವರ್ಣಾಳನ್ನು ಬೆಳಗಾವಿಗೆ ಕಳಿಸಿದ ಆ ದಿನ ಹಿಂದಿರುಗುವಾಗ ಕಾಲುವೆಯ ಹತ್ತಿರ ಗುಡ್ಡಪ್ಪ ಸ್ಕೂಟರು ನಿಲ್ಲಿಸಿದ. ಉಳಿದರ್ಧ ಉತ್ತರವನ್ನು ನಾನು ಕೇಳದೆಯೇ ಹೇಳಿದ.

"ಹುಬ್ಬಳ್ಳಿಯಿಂದ ಮೊದಲ ಸಲ ಸ್ಟೆಥಾಸ್ಕೋಪ ಕೊಳ್ಳಾಗ ಹಾಕ್ಕೊಂಡ ಬಂದಿದ್ದೆನಲ್ಲ, ನೆನಪೈತಿ?"

ಇತ್ತು. ಇಡೀ ಕೇರಿ ಅವರ ಅಂಗಳದಲ್ಲಿ ಸೇರಿತ್ತು. ಎಲ್ಲರ ಎದೆಯನ್ನೂ ಕೇಳಿದ್ದ. ನನ್ನದನ್ನು ಕೇಳಿ, "ಇದರಾಗ ಏನೂ ಇಲ್ಲ, ಖಾಲಿ ಐತಿ" ಎಂದು ನಗಿಸಿದ್ದ. ಹುಡುಗರು ಒತ್ತಾಯಿಸಿದರೆಂದು ಆಡಿನ ಎದೆಯನ್ನೂ ಕೇಳಿದ್ದ.

"ಎಲ್ಲಾರಿಗೂ ನೀರು ತಂದ ಕೊಟ್ಟಾಕಿ ನಮ್ಮವ್ವ" ಎಂದ. "ಬಾಗಲಾ ಹಿಡದ ನಿಂತು ನಿಂತು ತಂದಳು. ಆಡಿನ ಎದಿ ಕೇಳಿದೆ. ಅಕೀದು ಕೇಳಲಿಲ್ಲ. ಮುಂದ ಮೂರ ತಿಂಗಳಿಗೆ ಹೋದಳು. ಅಕಿ ನಿಂತಿದ್ದು ನನಗ ಆಮ್ಯಾಲ ನೆನಪಾತು."

ಕಾಲುವೆಯ ನೀರು ಹರಿಯುತ್ತಿತ್ತು. ಅವನು ಸ್ಕೂಟರು ಒದ್ದು ಚಾಲೂ ಮಾಡಿದ.

ಹೋದ ವರ್ಷ ಗುಡ್ಡಪ್ಪ ತೀರಿಕೊಂಡ. ಈಗ ಅವನ ಮಗಳು ಸುಮನ ಆ ದವಾಖಾನೆಯಲ್ಲಿ ಕೂರುತ್ತಾಳೆ. ಸ್ಕೂಟರು ಹೋಗಿ ಕಾರು ಬಂದಿದೆ. ಅವಳೂ ನೀರು ಕೇಳುತ್ತಾಳೆಂದು ಅನ್ನಪೂರ್ಣಾ ಹೇಳಿದಳು.

ಮೊನ್ನೆ ನಾನು ತುಕ್ಕಾನಟ್ಟಿಗೆ ಹೋಗಿದ್ದೆ. ಚಿಗವ್ವ ಈಗ ಪಡಸಾಲೆ ಬಿಟ್ಟು ಏಳುವುದಿಲ್ಲ. ಸುವರ್ಣಾ ಒಳಗಿನಿಂದ ನೀರು ಬೆಲ್ಲ ತಂದಳು. ಅವಳ ಮಗಳು ಬೆಲ್ಲದ ವಾಟಿ ಹಿಡಿದು ಮುಂದೆ ಓಡಿ ಬಂದಳು. ನನಗರಿಯದೆ ನನ್ನ ಕಣ್ಣು ಹೊಸ್ತಿಲಿಗೆ ಹೋಗಿತ್ತು. ಸುವರ್ಣಾ ನಕ್ಕಳು.

"ಏನ ನೋಡತೀರಿ ಭಾವಾರ? ನಾ ಎಲ್ಲೂ ನಿಂತಿಲ್ರಿ."

ಅವಳು ಒಳಗೆ ಹೋದ ಮೇಲೆ ಚಿಗವ್ವ ದನಿ ತಗ್ಗಿಸಿ ಕೇಳಿದಳು: "ಲಕ್ಷ್ಮಣಾ, ಅವತ್ತ ನಾ ಕೊಟ್ಟ ನೀರನ್ನ ಅವ ಖರೇನ ಮನಸ್ಸಿನಿಂದ ಕುಡದನೋ, ಸೊಸೀನ್ನ ಹೊರಗ ತರಸಾಕ ಬೇಕಂತ ಕುಡದನೋ?"

ಸೊಸೆಯನ್ನು ತರಿಸಲು ಎರಡು ಗುಟುಕು ಸಾಕಾಗುತ್ತಿತ್ತು. ಅವನು ತಂಬಿಗೆ ಡಬ್ಬು ಹಾಕಿದ್ದ. ಅರ್ಧ ಕುಡಿದ ತಂಬಿಗೆಯನ್ನು ಕೆಳಗಿಟ್ಟು ಅದನ್ನೇ ಹೇಳಿದೆ.

"ಹಂಗಾದರ ನೀ ಯಾಕ ಅರ್ಧಾ ಬಿಟ್ಟಿ? ಕುಡಿ" ಎಂದು ಚಿಗವ್ವ ನನ್ನ ತಂಬಿಗೆಯ ಕಡೆ ಗದ್ದ ಎತ್ತಿ ತೋರಿಸಿದಳು.